ಒಂಟೆಯಕ್ಕ ನೀರು ಕುಡಿದಳು

ತರಕಾರಿ ಮಾರುಕಟ್ಟೆಯ ಸೊಪ್ಪಿನ ಸಾಲಿನಲ್ಲಿ ನೀರಿಗೆ ಬರವಿಲ್ಲ. ಸಾಲಿನ ತುದಿಯಲ್ಲೊಂದು ನಲ್ಲಿ ಇದೆ. ಬೆಳಗಾಗುತ್ತಲೇ ಹೆಂಗಸರು ಬಕೆಟ್ಟು ಹಿಡಿದು ಅಲ್ಲಿ ಸೇರುತ್ತಾರೆ, ತಮ್ಮ ತಮ್ಮ ಜಾಗಕ್ಕೆ ನೀರು ತಂದಿಟ್ಟುಕೊಳ್ಳುತ್ತಾರೆ, ಚೊಂಬಿನಲ್ಲಿ ಮೊಗೆದು ಸೊಪ್ಪಿನ ಕಟ್ಟುಗಳ ಮೇಲೆ ಚಿಮುಕಿಸುತ್ತಲೇ ಇರುತ್ತಾರೆ. ಕೊತ್ತಂಬರಿ ಬಾಡಬಾರದು, ಮೆಂತ್ಯ ಸೊರಗಬಾರದು, ಪಾಲಕ್ ತಲೆ ಬಗ್ಗಿಸಬಾರದು. ಅಷ್ಟೆಲ್ಲ ನೀರಿನ ನಡುವೆ ಸಂಜೆಯವರೆಗೆ ಕೂರುವ ಹೆಂಗಸರು ಮಾತ್ರ ಒಂದು ಗುಟುಕನ್ನೂ ಬಾಯಿಗೆ ಹಾಕುವುದಿಲ್ಲ. ಕುಡಿದರೆ ಎಲ್ಲಿಗೆ ಹೋಗುವುದು ಹೇಳಿ. ಗಂಡಸರಿಗೇನು, ಮಾರುಕಟ್ಟೆಯ ಹಿಂದಿನ ಉದ್ದನೆಯ ಗೋಡೆಯೆಲ್ಲ ಅವರದೇ.

ಹಾಗಂತ ಹೆಂಗಸರಿಗೆ ಏನೂ ಕಟ್ಟಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಟ್ಟಿಸಿದ್ದರು. ಅದೇ ಹಿಂದಿನ ಗೋಡೆಯ ಮೂಲೆಯಲ್ಲಿ ಒಂದು ಪುಟ್ಟ ಕಟ್ಟಡ, ಬಾಗಿಲ ಮೇಲೆ ತಲೆಗೆ ಸೆರಗು ಹೊದ್ದ ಹೆಂಗಸಿನ ಚಿತ್ರ. ಟೇಪು ಕತ್ತರಿಸಿ, ಚಪ್ಪಾಳೆ ತಟ್ಟಿ, ಫೋಟೊ ತೆಗೆಸಿಕೊಂಡು ಹೋಗಿದ್ದರು. ಸ್ವಲ್ಪ ದಿನಕ್ಕೇ ಅದಕ್ಕೆ ಬೀಗ ಬಿತ್ತು, ಒಳಗೆ ಈರುಳ್ಳಿ ಸಾಹುಕಾರನ ಮೂಟೆಗಳು ಸೇರಿಕೊಂಡವು. ಚಿತ್ರದ ಹೆಂಗಸಿನ ಮುಖ ಬಿಸಿಲಿಗೆ ಅಳಿಸಿಹೋಗಿ ಈಗ ಸೆರಗು ಮಾತ್ರ ಉಳಿದಿದೆ.

ಈ ಸಾಲಿನಲ್ಲಿ ಸೊಪ್ಪು ಮಾರುವವರಿಗೆಲ್ಲ ಹಿರಿಯಳು ಒಂಟೆಯಕ್ಕ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಿಲ್ಲ. ಯಾವಾಗಲೋ ತಮಾಷೆಗೆ ಅವಳೇ ತನಗೆ ಇಟ್ಟುಕೊಂಡದ್ದು, ಆಮೇಲೆ ಮೈಗೆ ಅಂಟಿಕೊಂಡಿತು. ಬೆಳಗಿನ ಕತ್ತಲಲ್ಲಿ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರೆಗೂ ನೀರು ಮುಟ್ಟದೆ ಇರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಕಸೂತಿ ಬರುತ್ತದೆ, ಇವಳಿಗೆ ಇದು ಬರುತ್ತಿತ್ತು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಸಾಲಿಗೆ ಹೊಸದಾಗಿ ಯಾರೇ ಬಂದು ಕೂತರೂ ಮೊದಲ ಪಾಠ ಒಂಟೆಯಕ್ಕನದೇ. ತೂಕ, ಚೌಕಾಸಿ ಎಲ್ಲ ಆಮೇಲೆ.

"ಬೆಳಗ್ಗೆ ಮನೇಲಿ ಅರ್ಧ ಲೋಟ, ಅಷ್ಟೇ. ಬಾಯಿ ಒಣಗಿದ್ರೆ ಒಂದು ಏಲಕ್ಕಿ ಸಿಪ್ಪೆ ದವಡೇಲಿ ಇಟ್ಕೋ. ಕಾಲು ಮಡಚಿ ಕೂತ್ಕೋ, ಚಾಚಬೇಡ. ಯೋಚನೆಯೆಲ್ಲ ಗಿರಾಕಿ ಮೇಲಿರ್ಲಿ. ಆ ಕಡೆ ಯೋಚನೆ ಹೋಯ್ತೋ, ಕೆಟ್ಟೆ."

"ಕಲ್ತ್ಕೋ ತಾಯಿ, ಕಲ್ತ್ಕೋ," ಎಂದು ಎದುರು ಕೂತ ನಿಂಬೆ ಅಜ್ಜಿ ಹಲ್ಲಿಲ್ಲದ ಬಾಯಿ ಬಿಡುತ್ತಿದ್ದಳು. "ದೊಡ್ಡ ವಿದ್ಯೆ. ಇದರಲ್ಲಿ ಪಾಸಾದೋರಿಗೆ ಮೇಲೆ ಹೋದ್ಮೇಲೇನೇ ಬಹುಮಾನ."

ನಿಂಬೆ ಅಜ್ಜಿಯ ನಾಲಗೆ ಅವಳು ಮಾರುವ ಹಣ್ಣಿನ ಹಾಗೆಯೇ. ಒಂಟೆಯಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂಟೆಯಕ್ಕನ ಸೊಸೆಯೂ ಈ ಪಾಠ ಕಲಿತವಳೇ. ಮದುವೆಯಾಗಿ ಬಂದ ಹೊಸದರಲ್ಲಿ ಆ ಹುಡುಗಿ ಮನೆಯಲ್ಲಿ ಬೆಕ್ಕಿನ ಮರಿಯ ಹಾಗೆ ಇದ್ದಳು, ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಒಂದು ದಿನ ಅತ್ತೆಗೆ ಸೊಂಟ ಹಿಡಿದುಕೊಂಡಿತು, ಜೊತೆಗಿರಲೆಂದು ಸೊಸೆ ಮಾರುಕಟ್ಟೆಗೆ ಬಂದಳು. ಬಂದು ಕೂತಳೋ ಇಲ್ಲವೋ, ಗಿರಾಕಿಯೊಬ್ಬ ಕಟ್ಟು ಎತ್ತಿ ಮೂಸಿ ಮೂಗು ಮುರಿದ. "ಏನಮ್ಮ, ಈ ಕೊತ್ತಂಬರಿ ನಿನ್ನೇದಾ?"

"ನಿನ್ನೇದಾಗಿದ್ರೆ ನಿನ್ನೇನೇ ಮಾರಿರ್ತಿದ್ದೆ ಅಣ್ಣ, ಇವತ್ತಿಗೆ ಉಳಿಸ್ಕೋತಿದ್ನಾ? ನನ್ನ ಕೈಲಿ ಉಳಿಯೋದು ಮಾತು ಮಾತ್ರ."

ಆತ ನಕ್ಕ, ಎರಡು ಕಟ್ಟು ಹೆಚ್ಚಿಗೆ ಒಯ್ದ. ಒಂಟೆಯಕ್ಕ ತಿರುಗಿ ಸೊಸೆಯನ್ನು ನೋಡಿದಳು. ಮನೆಯಲ್ಲಿ ಇದ್ದದ್ದು ಇವಳೇನಾ ಎಂದು ಅವಳಿಗೆ ಅನುಮಾನವೇ ಬಂದಿತು. ಆವತ್ತಿನಿಂದ ಇಬ್ಬರೂ ಜೊತೆಗೇ ಬರುವುದು. ಸೊಪ್ಪಿನ ಸಾಲಿನಲ್ಲಿ ಖಾಲಿ ಬಿಟ್ಟ ಜಾಗ ತಿಂಗಳೊಪ್ಪತ್ತಿನಲ್ಲಿ ಬೇರೆಯವರದಾಗುತ್ತದೆ. ಸೊಂಟ ಪೂರ್ತಿ ಕೈಕೊಟ್ಟ ದಿನ ತನ್ನ ಜಾಗ ಯಾರ ಪಾಲಾಗುತ್ತದೋ ಎಂಬ ಚಿಂತೆ ಒಂಟೆಯಕ್ಕನಿಗೆ ಬಹಳ ದಿನದಿಂದ ಇತ್ತು. ಈಗ ಆ ಚಿಂತೆ ಹೋಯಿತು. ತನಗಿಂತ ಸೊಸೆಯೇ ಹೆಚ್ಚು ಮಾರುತ್ತಾಳೆ ಎಂದು ಗೊತ್ತಾದಾಗ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಹೆಮ್ಮೆಯಾಯಿತು.

ಬಸುರಿಯಾದ ಮೇಲೂ ಸೊಸೆ ಬರುವುದನ್ನು ಬಿಡಲಿಲ್ಲ. ಹೊಟ್ಟೆ ಕಾಣಿಸುವ ಹೊತ್ತಿಗೆ ಬೇಸಿಗೆ ಶುರುವಾಗಿತ್ತು. ತಗಡಿನ ಚಾವಣಿಯ ಕೆಳಗೆ ಮಧ್ಯಾಹ್ನ ಒಲೆಯ ಮುಂದೆ ಕೂತಂತೆ. ಸೊಸೆ ಏಲಕ್ಕಿ ಸಿಪ್ಪೆ ದವಡೆಗೆ ಹಾಕಿ, ಕಾಲು ಮಡಚಿ, ತುಟಿ ಕಚ್ಚಿಕೊಂಡು ಕೂರುತ್ತಿದ್ದಳು. ಒಂದೆರಡು ಸಲ ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡಳು. "ಏನೇ?" ಎಂದರೆ "ಏನಿಲ್ಲ ಅತ್ತೆ" ಎಂದಳು. ಆಮೇಲೊಂದು ದಿನ ಗಿರಾಕಿಗೆ ಚಿಲ್ಲರೆ ಕೊಡಲು ಕೈ ಚಾಚಿದವಳು ಹಾಗೆಯೇ ಮೆಂತ್ಯದ ರಾಶಿಯ ಮೇಲೆ ಒರಗಿಬಿಟ್ಟಳು. ಮೈ ಮುಟ್ಟಿದರೆ ಕಾದ ಕಾವಲಿ.

ಮಗ ಸರಕಿನ ಆಟೊ ಓಡಿಸುವವನು. ಸುದ್ದಿ ಕೇಳಿ ಅದೇ ಆಟೊದಲ್ಲಿ, ಖಾಲಿ ಕ್ರೇಟುಗಳ ನಡುವೆ ಹೆಂಡತಿಯನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ ಒಂಟೆಯಕ್ಕ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೊಪ್ಪಿನ ಚೊಂಬಿನಿಂದಲೇ ಅವಳ ಹಣೆಗೆ ನೀರು ತಟ್ಟುತ್ತಿದ್ದಳು.

ಡಾಕ್ಟರಮ್ಮ ಪರೀಕ್ಷೆ ಮಾಡಿದಳು, ರಿಪೋರ್ಟು ತರಿಸಿ ನೋಡಿದಳು. ಆಮೇಲೆ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮ?"

ಸೊಸೆ ಉತ್ತರ ಕೊಡುವ ಮುಂಚೆ ಅತ್ತೆಯ ಮುಖ ನೋಡಿದಳು. "ಜಾಸ್ತಿ ಕುಡಿಯಲ್ಲ ಡಾಕ್ಟ್ರೇ."

"ಬಂದಾಗ ಹೋಗ್ತೀಯೋ, ಹಿಡ್ಕೋತೀಯೋ?"

"ಹಿಡ್ಕೋತೀನಿ. ಅಭ್ಯಾಸ ಆಗಿದೆ."

"ಇಂಥ ಅಭ್ಯಾಸ ಯಾರು ಮಾಡಿಸಿದ್ರು?"

ಸೊಸೆ ಕಣ್ಣು ಮುಚ್ಚಿಕೊಂಡು, "ಯಾರೂ ಇಲ್ಲ ಡಾಕ್ಟ್ರೇ, ನಾನೇ," ಎಂದಳು. ಬೈದಿದ್ದರೂ ಒಂಟೆಯಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮೂತ್ರದಲ್ಲಿ ಸೋಂಕು, ಈಗಲೇ ಹಿಡಿತಕ್ಕೆ ಬಂದರೆ ಸರಿ, ಮೂತ್ರಪಿಂಡಕ್ಕೆ ಏರಿದರೆ ತಾಯಿಗೂ ಅಪಾಯ, ಮಗು ದಿನ ತುಂಬುವ ಮೊದಲೇ ಹುಟ್ಟಿಬಿಡಬಹುದು. ಡಾಕ್ಟರಮ್ಮ ಇಷ್ಟನ್ನೂ ಸಮಾಧಾನವಾಗಿಯೇ ಹೇಳಿದಳು. "ಜ್ವರ ಇಳಿದು ಮೈಯಲ್ಲಿ ಶಕ್ತಿ ಬಂದ ಮೇಲೆ ಕೂತು ಕೆಲಸ ಮಾಡೋದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಕುಡೀತಾ ಇರಬೇಕು, ಬಂದಾಗೆಲ್ಲ ಹೋಗ್ತಾ ಇರಬೇಕು. ಅದಾಗಲ್ಲ ಅಂದ್ರೆ ಮನೇಲಿರಲಿ."

ಮನೆಗೆ ಕರೆತಂದ ಮೇಲೆ ಮಗ ಅದನ್ನೇ ಹಿಡಿದ. "ಮನೇಲೇ ಇರಲಿ ಬಿಡಮ್ಮ. ಹೆರಿಗೆ ಆಗ್ಲಿ, ಆಮೇಲೆ ನೋಡೋಣ."

ಗೋಡೆಯ ಕಡೆ ತಿರುಗಿ ಮಲಗಿದ್ದ ಸೊಸೆ ಎದ್ದು ಕೂತಳು. "ಆಮೇಲೆ ಅಂದ್ರೆ ಯಾವಾಗ? ನಂಗೆ ಹೆರಿಗೆ ಆಗೋದು ನೋಡಿ ಆ ಬಾಗಿಲು ತಾನಾಗೇ ತೆಗೆದುಕೊಳ್ಳುತ್ತಾ?" ಅವಳು ಅತ್ತೆಯ ಕಡೆ ತಿರುಗಿದಳು, ದನಿ ಸಣ್ಣದಾಯಿತು. "ಅತ್ತೆ, ಅಲ್ಲಿ ಕೂತಾಗ ನಾನೂ ಯಾರೋ ಒಬ್ಬಳು ಅನ್ಸುತ್ತೆ. ಜನ ನನ್ನ ಮಾತು ಕೇಳೋಕೆ ಅಂತಾನೇ ನಿಲ್ತಾರೆ. ಅದೊಂದನ್ನ ಬಿಡಿಸಬೇಡಿ."

ಒಂಟೆಯಕ್ಕ ಒಳಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದು ಸೊಸೆಯ ಕೈಗಿಟ್ಟು, ಅವಳು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದಳು.

ಮರುದಿನ ಸೊಪ್ಪಿನ ಜಾಗವನ್ನು ನಿಂಬೆ ಅಜ್ಜಿಗೆ ನೋಡಿಕೊಳ್ಳಲು ಹೇಳಿ ಅವಳು ನೇರ ಈರುಳ್ಳಿ ಸಾಹುಕಾರನ ಮಳಿಗೆಗೆ ಹೋದಳು. ಸಾಹುಕಾರ ಕೆಟ್ಟವನೇನಲ್ಲ. ದಾರಿಯಲ್ಲಿ ಸಿಕ್ಕರೆ ಚೆನ್ನಾಗಿದೀರಾ ಎಂದು ಕೇಳುವವನು, ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವನು. ಆದರೆ ಜಾಗದ ವಿಷಯ ಬಂದರೆ ಮಾತ್ರ ಅವನಿಗೆ ಕಿವಿ ಮಂದವಾಗುತ್ತಿತ್ತು.

"ಅಕ್ಕ, ಆ ಕಟ್ಟಡ ನಿಮ್ಮದೇ. ನಾನು ಬೀಗ ಮಾತ್ರ ಹಾಕಿರೋದು," ಎಂದ. "ಸಾಹೇಬ್ರು ಇಟ್ಕೋ ಅಂದ್ರು, ಇಟ್ಕೊಂಡೆ. ಅವರು ತೆಗಿ ಅಂದ್ರೆ ತೆಗೀತೀನಿ. ನಂದೇನಿದೆ."

ಸಾಹೇಬರೆಂದರೆ ಮಾರುಕಟ್ಟೆಯ ಮೇಲ್ವಿಚಾರಕರು. ಮುಂಬಾಗಿಲ ಪಕ್ಕದ ಮೆಟ್ಟಿಲು ಹತ್ತಿದರೆ ಅವರ ಕಚೇರಿ. ಸಾಧು ಮನುಷ್ಯ, ಯಾರಿಗೂ ಇಲ್ಲ ಎನ್ನರು, ಹೂಂ ಎಂದೂ ಅನ್ನರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಯೇ ಅಷ್ಟು ವರ್ಷ ನೌಕರಿ ಮಾಡಿದವರು. ಒಂಟೆಯಕ್ಕನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಾವು ಸುಮ್ಮಸುಮ್ಮನೆ ಬೀಗ ಹಾಕಿಸಿಲ್ಲಮ್ಮ. ಕೇಳೇ ಹಾಕಿಸಿದ್ದು. ನಾನೇ ಕೆಳಗೆ ಬಂದು ನಿಮ್ಮ ಸಾಲಿನವರನ್ನೆಲ್ಲ ಕೇಳಿದ್ದೆ. ನಿಮಗೆ ನೆನಪಿಲ್ವಾ?"

"ಯಾವಾಗ?"

"ಅದೇ, ಶುರುವಿನಲ್ಲಿ. ಆ ಕೋಣೆ ನಿಮಗೆ ಬೇಕಾಗುತ್ತಾ ಅಂದೆ. ನೀವೇ ಹೇಳಿದ್ರಲ್ಲ, ನಮಗ್ಯಾಕೆ ಸಾಹೇಬ್ರೇ, ನಾವು ಒಂಟೆ ಜಾತಿಯೋರು ಅಂತ."

ಒಂಟೆಯಕ್ಕನಿಗೆ ನೆನಪಿತ್ತು, ಯಾಕಿರುವುದಿಲ್ಲ. ಸಾಹೇಬರು, ಸಾಹುಕಾರ, ಅವರ ಹಿಂದೆ ನಾಲ್ಕಾರು ಗಂಡಸರು ಸಾಲಿನ ಮುಂದೆ ಬಂದು ನಿಂತಿದ್ದರು. ಕೇಳಿದ ಪ್ರಶ್ನೆಗೆ ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಹಗಲು ಹೊತ್ತಲ್ಲಿ, ಅಷ್ಟು ಗಂಡಸರ ಮುಂದೆ, ಹೌದು ನಮಗೆ ಒಂದಕ್ಕೆ ಹೋಗಬೇಕಾಗುತ್ತದೆ ಎಂದು ಯಾವ ಬಾಯಿಂದ ಹೇಳುವುದು? ಹಿರಿಯಳೆಂದು ಎಲ್ಲರೂ ಇವಳ ಕಡೆ ನೋಡಿದರು. ಇವಳು ಆ ಒಂಟೆಯ ಮಾತು ಹಾರಿಸಿದಳು. ಎಲ್ಲರೂ ನಕ್ಕರು, ಗಂಡಸರೂ ನಕ್ಕರು, ಹೊರಟುಹೋದರು. ಹೆಸರು ಉಳಿಯಿತು, ಬೀಗವೂ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಇದಕ್ಕೇ ಇರಬೇಕು.

"ಈಗ ಬೇಕು ಅಂತ ಹೇಳ್ತಿದೀನಲ್ಲ ಸಾಹೇಬ್ರೇ."

"ನೀವೊಬ್ರು ಹೇಳಿದ್ರೆ ಹೇಗಮ್ಮ? ಇಷ್ಟು ವರ್ಷದಲ್ಲಿ ಬೇರೆ ಒಬ್ಬರೂ ಕೇಳಿಲ್ಲ. ಸಾಹುಕಾರ್ರಿಗೆ ನಾನು ಏನಂತ ಹೇಳ್ಲಿ? ನಿಜವಾಗ್ಲೂ ಎಲ್ಲರಿಗೂ ಬೇಕು ಅಂತ ನಮಗೆ ಗೊತ್ತಾಗಬೇಕಲ್ಲ. ಗೊತ್ತಾಗ್ಲಿ, ನೋಡೋಣ."

ಮೆಟ್ಟಿಲಿಳಿಯುವಾಗ ಒಂಟೆಯಕ್ಕನ ಕಣ್ಣಿಗೆ ಪಡಸಾಲೆಯ ಕೊನೆಯ ಸಣ್ಣ ಬಾಗಿಲು ಬಿತ್ತು. ಕಚೇರಿಯವರ ಬಚ್ಚಲು. ಬಾಗಿಲಿಗೆ ಬೀಗ ಇರಲಿಲ್ಲ. ಗೊತ್ತಾಗಬೇಕು ಎಂದರಲ್ಲ, ಗೊತ್ತು ಮಾಡಿದರಾಯಿತು ಎಂದುಕೊಂಡಳು.

ಸಂಜೆ ಸೊಪ್ಪು ಮುಗಿದು ಗೋಣಿತಾಟು ಮಡಚುವ ಹೊತ್ತಿಗೆ ಅವಳು ಸಾಲಿನವರನ್ನೆಲ್ಲ ನಲ್ಲಿಯ ಹತ್ತಿರ ಸೇರಿಸಿದಳು. ಸೊಸೆಗೆ ಏನಾಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಸಾಹೇಬರು ಅಂದದ್ದನ್ನೂ ಹೇಳಿದಳು, ಆವತ್ತು ತಾನು ಅಂದದ್ದನ್ನೂ ಹೇಳಿದಳು. ಆಮೇಲೆ ಕರಿಬೇವು ಮಾರುವವಳು ತಲೆ ತಗ್ಗಿಸಿಕೊಂಡೇ ತನಗೂ ಹೋದ ವರ್ಷ ಅದೇ ಜ್ವರ ಬಂದಿತ್ತು ಎಂದಳು. ಇನ್ನೊಬ್ಬಳು ತನಗೆ ಕಿಡ್ನಿಯಲ್ಲಿ ಕಲ್ಲಾಗಿದೆ ಎಂದಳು. ಮತ್ತೊಬ್ಬಳು ತಿಂಗಳ ಆ ದಿನಗಳಲ್ಲಿ ತಾನು ಮಾರುಕಟ್ಟೆಗೇ ಬರುವುದಿಲ್ಲ, ಹೊಟ್ಟೆನೋವು ಎಂದು ಸುಳ್ಳು ಹೇಳುತ್ತೇನೆ ಎಂದಳು. ಅಷ್ಟು ವರ್ಷ ಮಗ್ಗುಲಿಗೆ ಮಗ್ಗುಲು ಕೂತವರು, ಒಬ್ಬರ ಮನೆಯ ಸಾರಿಗೆ ಉಪ್ಪು ಕಡಿಮೆಯಾದದ್ದು ಇನ್ನೊಬ್ಬರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ಜನ ಉಪವಾಸ ಕೂತು ಮುಷ್ಕರ ಮಾಡ್ತಾರೆ," ಎಂದಳು ಒಂಟೆಯಕ್ಕ. "ನಾವು ಇಷ್ಟು ವರ್ಷ ಮಾಡಿದ್ದು ಅದೇ, ಯಾರೂ ಕಣ್ಣೆತ್ತಿ ನೋಡ್ಲಿಲ್ಲ. ನಾಳೆ ಕುಡಿಯೋಣ. ಹೊಟ್ಟೆ ತುಂಬ ಕುಡಿಯೋಣ. ಕುಡಿದು ಸಾಹೇಬ್ರ ಬಚ್ಚಲಿಗೆ ಹೋಗೋಣ, ಒಬ್ಬೊಬ್ಬರಾಗಿ, ಕೇಳಿಕೊಂಡೇ."

"ಅಯ್ಯೋ, ಗಂಡಸರೆಲ್ಲ ನೋಡ್ತಿರ್ತಾರೆ ಅಕ್ಕ," ಎಂದಳು ಕರಿಬೇವಿನವಳು. "ಅವರ ಮುಂದೆ ಹೋಗಿ ಇದನ್ನ ಕೇಳೋದಾ? ಮಾನ ಉಳಿಯುತ್ತಾ?"

ನಿಂಬೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ಮೂರೂ ಬಿಟ್ಟವರು ಊರಿಗೇ ದೊಡ್ಡೋರು ಅಂತಾರೆ. ನಾವು ಮೂರು ಬಿಡೋದು ಬೇಡ ಕಣ್ರೇ, ಒಂದು ಬಿಡೋಣ. ಉಳಿದೆರಡು ಮನೆಗೆ ತಗೊಂಡು ಹೋಗಿ."

ಎಲ್ಲರೂ ನಕ್ಕರು. ಆದರೆ ನಗು ಬೇರೆ, ಧೈರ್ಯ ಬೇರೆ. ನಾಳೆ ಎಷ್ಟು ಜನ ಜೊತೆಗಿರುತ್ತಾರೋ ಒಂಟೆಯಕ್ಕನಿಗೆ ತಿಳಿಯಲಿಲ್ಲ.

ಮರುದಿನ ವ್ಯಾಪಾರ ಬಿಸಿ ಏರಿದ ಹೊತ್ತು, ಅಂದರೆ ಸಾಲಿನ ಮುಂದೆ ಗಿರಾಕಿಗಳು ಕಿಕ್ಕಿರಿದಿದ್ದ ಹೊತ್ತು, ಒಂಟೆಯಕ್ಕ ಚೊಂಬನ್ನು ನಲ್ಲಿಗೆ ಹಿಡಿದು ತುಂಬಿಸಿ ತಂದಳು. ಸೊಪ್ಪಿಗೆ ಚಿಮುಕಿಸಲೆಂದು ಎಲ್ಲರೂ ಅಂದುಕೊಂಡರು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗೆ ಹಿಡಿದಳು. ಮೊದಲ ಗುಟುಕು ಗಂಟಲಲ್ಲೇ ನಿಂತಿತು. ಆ ಜಾಗದಲ್ಲಿ, ಆ ಗೋಣಿತಾಟಿನ ಮೇಲೆ ಕೂತು ಅವಳು ಯಾವತ್ತೂ ನೀರು ಕುಡಿದಿರಲಿಲ್ಲ, ಗಂಟಲಿಗೆ ಅಪ್ಪಣೆ ಸಿಕ್ಕಿರಲಿಲ್ಲ. ಸೊಸೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡು ಯಾರೂ ಇಲ್ಲ ಡಾಕ್ಟ್ರೇ ಎಂದದ್ದು ನೆನಪಾಯಿತು. ಇನ್ನೊಂದು ಗುಟುಕು ಎಳೆದಳು, ಮತ್ತೊಂದು. ಚೊಂಬು ಖಾಲಿ ಮಾಡಿ ಕೆಳಗಿಟ್ಟಳು. ಅಕ್ಕಪಕ್ಕದ ಹೆಂಗಸರು ತೂಕ ಮಾಡುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಒಂಟೆ ನೀರು ಕುಡೀತು ನೋಡ್ರಪ್ಪ," ಎಂದು ನಿಂಬೆ ಅಜ್ಜಿ ಸಾಲಿಗೆಲ್ಲ ಕೇಳುವಂತೆ ಹೇಳಿ ತನ್ನ ಲೋಟ ಎತ್ತಿದಳು. ಅದಕ್ಕೊಂದು ನಿಂಬೆಹಣ್ಣು ಹಿಂಡುವುದನ್ನೂ ಮರೆಯಲಿಲ್ಲ. ಕರಿಬೇವಿನವಳು ಗಿರಾಕಿಗೆ ಬೆನ್ನು ತಿರುಗಿಸಿ ಕುಡಿದಳು. ಅವಳ ಪಕ್ಕದವಳು ತಿರುಗಿಸದೆಯೇ ಕುಡಿದಳು. ಆಮೇಲೆ ಸಾಲಿನುದ್ದಕ್ಕೂ ಚೊಂಬುಗಳು ಎದ್ದವು.

ಇನ್ನು ಸ್ವಲ್ಪ ಕಾಯಬೇಕಿತ್ತು, ಕಾದರು. ಬಿಸಿಲೇರಿದ ಮೇಲೆ ಒಂಟೆಯಕ್ಕ ಎದ್ದು ಮೆಟ್ಟಿಲು ಹತ್ತಿದಳು. ಕಚೇರಿಯಲ್ಲಿ ಸಾಹೇಬರ ಮುಂದೆ ಯಾರೋ ವ್ಯಾಪಾರಿಗಳು ಕೂತಿದ್ದರು.

"ಸಾಹೇಬ್ರೇ, ಒಂದಕ್ಕೆ ಹೋಗಬೇಕು. ನಿಮ್ಮ ಬಚ್ಚಲು ಬಳಸ್ಕೊಳ್ಳಲಾ?"

ಆ ಮಾತು ಬಾಯಿಂದ ಹೊರಬಿದ್ದಾಗ ಅವಳ ಕಿವಿ ಬಿಸಿಯಾಯಿತು, ಆದರೆ ಆಕಾಶ ಕಳಚಿ ಬೀಳಲಿಲ್ಲ. ಸಾಹೇಬರ ಕೈಯಲ್ಲಿದ್ದ ಪೆನ್ನು ಮಾತ್ರ ಬಿತ್ತು. "ಹೋಗಿ, ಹೋಗಿಮ್ಮ," ಎಂದು ಮೇಜಿನ ಕೆಳಗೆ ಬಗ್ಗಿ ಪೆನ್ನು ಹುಡುಕತೊಡಗಿದರು.

ಚಿಲಕ ಹಾಕಿಕೊಂಡು ಒಳಗೆ ಕೂತರೆ ಒಂಟೆಯಕ್ಕನಿಗೆ ಏನೂ ಆಗಲೊಲ್ಲದು. ಬೇಡ, ಈಗ ಬೇಡ, ಸಂಜೆ ಬಾ ಎಂದು ಹೇಳಿ ಹೇಳಿ ಪಳಗಿಸಿದ ಮೈ, ಈಗ ಬಾ ಎಂದರೆ ನಂಬಲಿಲ್ಲ. ಆಗ ಅವಳಿಗೆ ಅಳು ಬಂತು. ತನಗಾಗಿ ಅತ್ತಳು, ಪಾಠ ಹೇಳಿಕೊಟ್ಟ ಎಲ್ಲ ಹೆಣ್ಣುಮಕ್ಕಳಿಗಾಗಿ ಅತ್ತಳು. ಅಳು ಮುಗಿಯುವ ಹೊತ್ತಿಗೆ ಮೈ ಸಡಿಲವಾಯಿತು. ಮುಖ ತೊಳೆದುಕೊಂಡು ಬಾಗಿಲು ತೆಗೆದರೆ ಎದುರಿಗೆ ನಿಂಬೆ ಅಜ್ಜಿ, ಅವಳ ಹಿಂದೆ ಕರಿಬೇವಿನವಳು, ಅವಳ ಹಿಂದೆ ಇನ್ನೊಬ್ಬಳು. ಸಾಲು ಪಡಸಾಲೆ ದಾಟಿ, ಮೆಟ್ಟಿಲಿಳಿದು, ಮುಂಬಾಗಿಲವರೆಗೂ ನಿಂತಿತ್ತು.

ಪ್ರತಿಯೊಬ್ಬಳೂ ಕಚೇರಿ ಬಾಗಿಲಲ್ಲಿ ನಿಂತು ಕೇಳಿಕೊಂಡೇ ಹೋದಳು. ಮೊದಮೊದಲು ಸಾಹೇಬರು ಹೂಂ ಹೂಂ ಎಂದರು, ಆಮೇಲೆ ಬರೀ ಕೈಯಾಡಿಸಿದರು, ಆಮೇಲೆ ಕಾಗದದ ಹಿಂದೆ ಮುಖ ಮರೆಮಾಡಿಕೊಂಡರು. ಮಾರುಕಟ್ಟೆಗೆ ಬಂದ ಹೆಂಗಸರು ಇದೇನು ಸಾಲು ಎಂದು ಕೇಳಿದರು, ಗೊತ್ತಾದ ಮೇಲೆ ಚೀಲ ಹಿಡಿದುಕೊಂಡೇ ಅವರೂ ನಿಂತರು. ಗಂಡಸರು ಮೊದಲು ನಕ್ಕರು. ಸಾಲಿನಲ್ಲಿ ತಮ್ಮ ಮನೆಯವರೂ ನಿಂತಿದ್ದನ್ನು ಕಂಡು ಕೆಲವರು ನಗುವುದನ್ನು ನಿಲ್ಲಿಸಿದರು. ಹೋಗಿ ಬಂದವರು ಕೆಳಗಿಳಿದು ಮತ್ತೆ ನೀರು ಕುಡಿದು ಮತ್ತೆ ಸಾಲಿನ ಕೊನೆಗೆ ಸೇರಿಕೊಂಡರು.

ಸಾಹೇಬರೂ ಮನುಷ್ಯರೇ. ಬೆಳಗಿನಿಂದ ಎರಡು ಸಲ ಚಹಾ ಕುಡಿದಿದ್ದರು. ಬಹಳ ಹೊತ್ತು ಕುರ್ಚಿಯಲ್ಲಿ ಆಚೆ ಈಚೆ ಸರಿದಾಡಿದರು. ಕೊನೆಗೆ ತಡೆಯಲಾರದೆ ಎದ್ದು ಪಡಸಾಲೆಗೆ ಬಂದರು.

"ಸ್ವಲ್ಪ ದಾರಿ ಬಿಡಿಮ್ಮ."

"ಬನ್ನಿ ಸಾಹೇಬ್ರೇ, ಬನ್ನಿ," ಎಂದಳು ಎರಡನೇ ಸುತ್ತಿಗೆ ಬಂದು ನಿಂತಿದ್ದ ನಿಂಬೆ ಅಜ್ಜಿ. "ಸರದಿ ಸಾಲು ಮುಂಬಾಗಿಲ ಹತ್ತಿರ ಶುರುವಾಗುತ್ತೆ. ಅರ್ಜೆಂಟಾ? ಒಂದು ಏಲಕ್ಕಿ ಸಿಪ್ಪೆ ಕೊಡ್ಲಾ? ದವಡೇಲಿ ಇಟ್ಕೊಳ್ಳಿ, ಒಂಟೆಯಕ್ಕ ಪಾಠ ಹೇಳಿಕೊಡ್ತಾಳೆ."

ಸಾಹೇಬರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಗೋಡೆಗೆ ಕೈಯೂರಿ, ಒಂದು ಕಾಲ ಮೇಲಿನ ಭಾರ ಇನ್ನೊಂದು ಕಾಲಿಗೆ ಬದಲಿಸುತ್ತ ಆ ಸಾಲನ್ನು ನೋಡಿದರು. ಅಷ್ಟರಲ್ಲಿ ಬಚ್ಚಲ ಒಳಗಿದ್ದವಳು, ನಲ್ಲಿಯಲ್ಲಿ ನೀರು ನಿಂತುಹೋಯಿತು ಎಂದು ಕೂಗಿ ಹೇಳಿದಳು. ಕಚೇರಿಯ ಮೇಲಿನ ಟ್ಯಾಂಕು ಬರಿದಾಗಿತ್ತು.

"ದಿನಾ ಹೀಗೇ ಆಗುತ್ತಾ ನಿಮಗೆ?" ಎಂದು ಸಾಹೇಬರು ಒಂಟೆಯಕ್ಕನನ್ನು ಮೆಲ್ಲಗೆ ಕೇಳಿದರು.

"ನಿಮಗೆ ಈಗ ಆಗ್ತಿದೆಯಲ್ಲ, ಅದು ಸಂಜೆವರೆಗೂ ಸಾಹೇಬ್ರೇ. ದಿನಾ."

ಸಾಹೇಬರು ಜವಾನನನ್ನು ಕರೆದು ಸಾಹುಕಾರನನ್ನು ಕರೆತರಲು ಹೇಳಿದರು. ಅಷ್ಟು ಖಡಾಖಂಡಿತವಾಗಿ ಅವರು ಮಾತಾಡಿದ್ದನ್ನು ಆ ಜವಾನ ಹಿಂದೆಂದೂ ಕೇಳಿರಲಿಲ್ಲವಂತೆ.

ಎಲ್ಲರೂ ಹಿಂದಿನ ಗೋಡೆಯ ಆ ಪುಟ್ಟ ಕಟ್ಟಡದ ಮುಂದೆ ಸೇರಿದರು. ಈರುಳ್ಳಿ ಸಾಹುಕಾರ ಬೀಗದ ಕೈ ಹಿಡಿದುಕೊಂಡೇ ಬಂದ, ಬಾಯಲ್ಲಿ ಮಾತ್ರ ಗೊಣಗಾಟ. "ತೆಗೀತೀನಿ ಸಾಹೇಬ್ರೇ, ತೆಗೀತೀನಿ. ಆದರೆ ಇದ್ದಕ್ಕಿದ್ದ ಹಾಗೆ ತೆಗಿ ಅಂದ್ರೆ ಅಷ್ಟು ಮಾಲು ನಾನು ಎಲ್ಲಿ ಇಟ್ಕೊಳ್ಲಿ?"

"ನಾವು ಇಷ್ಟು ವರ್ಷ ಎಲ್ಲಿ ಇಟ್ಕೊಂಡಿದ್ವೋ ಅಲ್ಲೇ ಇಟ್ಕೋ ಮಗನೇ," ಎಂದಳು ನಿಂಬೆ ಅಜ್ಜಿ.

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಮಾರುಕಟ್ಟೆಯ ಹಿಂಭಾಗವೆಲ್ಲ ನಗೆಯಲ್ಲಿ ಮುಳುಗಿತು. ಸಾಹುಕಾರನೂ ನಕ್ಕ, ನಗುತ್ತಲೇ ನಾಚಿ ಬೆವರೊರೆಸಿಕೊಂಡ. ಹಮಾಲರು ಮೂಟೆ ಹೊತ್ತು ಹೊರಗೆ ಹಾಕಿದರು. ಒಂದು ಮೂಲೆಯ ಮೂಟೆಯಲ್ಲಿ ಈರುಳ್ಳಿಗಳು ಕತ್ತಲಲ್ಲೇ ಮೊಳೆತು ಚೀಲದ ಕಣ್ಣುಗಳಿಂದ ಬಿಳಿಚಿಕೊಂಡ ಎಲೆ ಹೊರಗೆ ಚಾಚಿದ್ದವು. ಅದರ ಹಿಂದೆ ಗೋಡೆಯ ಟೈಲುಗಳು ಹೊಸದಾಗಿಯೇ ಇದ್ದವು, ಒಂದರ ಮೇಲೆ ಅಂಗಡಿಯ ಚೀಟಿ ಕೂಡ ಅಂಟಿಕೊಂಡಿತ್ತು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದರು. ಸೊಪ್ಪಿನ ಬಕೆಟ್ಟುಗಳೆಲ್ಲ ಆ ದಿನ ಅಲ್ಲಿಗೇ ಬಂದವು. ನೀರಿನ ಕೊಳಾಯಿಯನ್ನು ನಾಳೆಯೇ ಸರಿಮಾಡಿಸುತ್ತೇನೆ ಎಂದರು ಸಾಹೇಬರು, ಮರುದಿನವಲ್ಲದಿದ್ದರೂ ಆ ವಾರದಲ್ಲೇ ಸರಿಮಾಡಿಸಿದರು.

ಆ ದಿನ ಸಂಜೆ ಹೊರಡುವ ಮುಂಚೆ ಸಾಹೇಬರು ಬೀಗವನ್ನೂ ಬೀಗದ ಕೈಯನ್ನೂ ಒಂಟೆಯಕ್ಕನ ಮುಂದೆ ಹಿಡಿದರು. "ಇನ್ಮೇಲೆ ಇದು ನಿಮ್ಮ ಹತ್ತಿರಾನೇ ಇರಲಿ. ನೀವೇ ಜವಾಬ್ದಾರಿ."

ಒಂಟೆಯಕ್ಕ ಕೈ ಚಾಚಲಿಲ್ಲ. "ಬೀಗ ಬೇಡ ಸಾಹೇಬ್ರೇ. ಬೀಗ ಅಂತ ಒಂದಿದ್ರೆ ಬಂದು ಕೇಳಬೇಕಾಗುತ್ತೆ. ಕೇಳೋಕೆ ನಾಚಿಕೆ ಆಗುತ್ತೆ. ನಾಚಿಕೆಯಾದ್ರೆ ಮತ್ತೆ ಮೂಟೆ ಬರುತ್ತೆ. ಒಳಗಿನ ಚಿಲಕ ಗಟ್ಟಿಯಾಗಿರ್ಲಿ, ಸಾಕು."

ಸಾಹೇಬರು ಬೀಗವನ್ನು ಜೇಬಿಗೆ ಹಾಕಿಕೊಂಡು ಹೋದರು.

ಸೊಸೆಯ ಜ್ವರ ಇಳಿಯಿತು. ಡಾಕ್ಟರಮ್ಮ ಮತ್ತೊಮ್ಮೆ ಪರೀಕ್ಷೆ ಮಾಡಿ ಎಲ್ಲ ಸರಿಯಾಗಿದೆ ಎಂದಳು. ಮಗನಿಗೆ ಇನ್ನೂ ಅನುಮಾನ. ಒಂಟೆಯಕ್ಕ ಅವನನ್ನು ಒಂದು ಬೆಳಿಗ್ಗೆ ಮಾರುಕಟ್ಟೆಯ ಹಿಂದಕ್ಕೆ ಕರೆದೊಯ್ದು ಬಾಗಿಲು ತೆಗೆದು ತೋರಿಸಿದಳು. ಅವನು ಒಳಗೆ ಇಣುಕಿ ನೋಡಿ, ಕೊಳಾಯಿ ತಿರುಗಿಸಿ, ಚಿಲಕ ಎರಡು ಸಲ ಹಾಕಿ ತೆಗೆದು, "ಸರಿ, ಕರ್ಕೊಂಡು ಬರ್ತೀನಿ," ಎಂದ.

ಸೊಸೆ ಮತ್ತೆ ಬಂದು ಕೂತ ದಿನ ಸಾಲಿನಲ್ಲಿ ಎಲ್ಲರೂ ಅವಳಿಗೆ ಒಂದೊಂದು ಲೋಟ ನೀರು ಕೊಡಲು ನೋಡಿದರು. "ಹೀಗೆ ಕುಡಿಸಿದ್ರೆ ಮಗು ಈಜು ಕಲಿತೇ ಹುಟ್ಟುತ್ತೆ," ಎಂದು ಅವಳು ತಳ್ಳಿಹಾಕಿದಳು. ಅತ್ತೆ ಕೊಟ್ಟದ್ದನ್ನು ಮಾತ್ರ ಪೂರ್ತಿ ಕುಡಿದಳು. ಮಾತಿಗೆ ಮಾತು ಕೊಡುತ್ತ ಮಾರುತ್ತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ನೆಲಕ್ಕೆ ಕೈಯೂರಿ ಎದ್ದಳು.

"ಅತ್ತೆ, ಬಂದೆ."

"ಹೋಗು ತಾಯಿ. ನಿಧಾನ, ನೆಲ ಜಾರುತ್ತೆ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದಿನ ಗೋಡೆಯ ಕಡೆ ನಡೆದು ಹೋಗುವುದನ್ನು ಒಂಟೆಯಕ್ಕ ನೋಡುತ್ತಿದ್ದಳು. ಅಷ್ಟರಲ್ಲಿ ಆ ಕೊತ್ತಂಬರಿ ಮೂಸುವ ಗಿರಾಕಿ ಬಂದು ಸಾಲಿನ ಮುಂದೆ ನಿಂತ. ಖಾಲಿ ಜಾಗ ನೋಡಿ ಅವನ ಮುಖ ಬಾಡಿತು. "ಏನಕ್ಕ, ನಿಮ್ಮ ಸೊಸೆ ಬಂದಿದ್ದಾಳೆ ಅಂದ್ರು. ಎಲ್ಲಿ?"

ಮುಂಚೆಯಾಗಿದ್ದರೆ ಒಂಟೆಯಕ್ಕ ಏನಾದರೊಂದು ನೆಪ ಹೇಳುತ್ತಿದ್ದಳು.

"ಒಂದಕ್ಕೆ ಹೋಗಿದ್ದಾಳೆ," ಎಂದಳು, ಸಾಲಿಗೆಲ್ಲ ಕೇಳುವ ದನಿಯಲ್ಲಿ. "ಬರ್ತಾಳೆ. ಇರಿ."

"ಬರಲಿ ಬಿಡಿ, ನನಗೇನು ಅವಸರ," ಎಂದ ಅವನು, ಚೀಲವನ್ನು ಕೆಳಗಿಟ್ಟು ಪಕ್ಕಕ್ಕೆ ಸರಿದು ನಿಂತ. ಒಂಟೆಯಕ್ಕ ಚೊಂಬು ಎತ್ತಿ ಸೊಪ್ಪಿಗೆ ಒಂದಿಷ್ಟು ಚಿಮುಕಿಸಿದಳು, ಉಳಿದದ್ದನ್ನು ತಾನು ಕುಡಿದಳು.